ಅಣ್ಣನ ಯಂತ್ರಕ್ಕೆ ನಾನು ಕೆಚ್ಚಿದ ಟೇಪು

ನಮ್ಮ ಬಳಗದಲ್ಲಿ ನನ್ನ ಅಣ್ಣನಿಗೆ ‘ಬಿದರು ಇಂಜಿನಿಯರ್’ ಎಂದು ಅಡ್ಡಹೆಸರು. ಮದುವೆ, ಕುಬಸ, ತೊಟ್ಟಿಲು, ಯಾವ ಕಾರ್ಯಕ್ಕೆ ಅವನು ಬಂದರೂ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. ಫ್ಯಾನು ನಿಂತರೆ, “ಬಿದರು ಇಂಜಿನಿಯರ್‌ನ ಕರೀರಿ, ಒಂದು ಕಡ್ಡಿ ಚುಚ್ಚಿ ಚಾಲೂ ಮಾಡ್ತಾನ” ಎನ್ನುತ್ತಾರೆ. ಅವನೂ ಅವರ ಜೊತೆ ನಗುತ್ತಾನೆ. ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ನಗುತ್ತಿದ್ದಾನೆ. ಆ ಹೆಸರು ಅವನಿಗೆ ಅಂಟಿದ್ದು ನನ್ನಿಂದ ಎಂಬುದು ಕಳೆದ ವರ್ಷದವರೆಗೆ ಅವನಿಗೂ ಗೊತ್ತಿರಲಿಲ್ಲ.

ನಾನು ಓದಿದ್ದು ಐದನೆಯ ಇಯತ್ತೆಯವರೆಗೆ. ಬೆಟಗೇರಿಯ ನೇಕಾರರ ಮನೆ ನಮ್ಮದು. ಶಾಲೆ ಬಿಡಿಸಿದ ವಾರವೇ ಅಪ್ಪ ನನ್ನನ್ನು ನೂಲು ಕೆಚ್ಚಲು ಕೂರಿಸಿದ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಕೂಡಿಸಬೇಕು. ಅದೇ ಕೆಚ್ಚುವುದು. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಸೆದರೆ ಆಯಿತು, ಗಂಟು ಇರಬಾರದು. ಗಂಟು ಬಿದ್ದರೆ ಬಾಚಣಿಗೆಯಂಥ ಹಣಿಗೆಯ ಹಲ್ಲಿನಲ್ಲಿ ಸಿಕ್ಕು ಎಳೆ ಹರಿಯುತ್ತದೆ. ಸಾವಿರಾರು ಎಳೆ, ದಿನಗಟ್ಟಲೆ ಕೆಲಸ. ಹದಿನೈದು ತುಂಬುವ ಹೊತ್ತಿಗೆ ನಮ್ಮ ಓಣಿಯಲ್ಲಿ ನನ್ನಷ್ಟು ನುಣ್ಣಗೆ ಕೆಚ್ಚುವವರು ಇರಲಿಲ್ಲ. ಅಪ್ಪ ಬಂದವರ ಮುಂದೆ ಹಾಸನ್ನು ಹಿಡಿದು, “ಎಲ್ಲಿ ಕೆಚ್ಚ್ಯಾಳ ಹುಡುಕ್ರಿ ನೋಡೂಣು” ಎನ್ನುತ್ತಿದ್ದ. ಯಾರಿಗೂ ಸಿಗುತ್ತಿರಲಿಲ್ಲ. ಹೆಚ್ಚು ಓದದ ನನಗೆ ಇದ್ದ ಸೊಕ್ಕು ಅದೊಂದೇ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೂ ಅವನ ಕಣ್ಣು ಬೇರೆ ಕಡೆ ಇರುತ್ತಿತ್ತು. ಮದುವೆಯ ವೀಡಿಯೋ ತೆಗೆಸುವ ಹುಚ್ಚು ಆಗ ಹಳ್ಳಿಹಳ್ಳಿಗೂ ಹೊಕ್ಕಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕ್ಯಾಮೆರಾದವರು ಮದುವೆಯ ಮೂಲ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅಣ್ಣನಿಗೆ ಕಳಿಸುತ್ತಿದ್ದರು. ಅವನು ಎರಡು ಹಳೆಯ ವಿಸಿಆರ್ ಜೋಡಿಸಿ ಒಂದರಲ್ಲಿ ಮೂಲವನ್ನು ಓಡಿಸಿ ಇನ್ನೊಂದರಲ್ಲಿ ನಕಲು ಇಳಿಸುತ್ತಿದ್ದ. ಮೂರು ತಾಸಿನ ಮದುವೆಗೆ ಮೂರು ತಾಸು ಬೇಕು. ಹತ್ತು ನಕಲು ಬೇಕೆಂದರೆ ಹತ್ತು ಸಲ ಅದೇ ಮದುವೆಯನ್ನು ನೋಡುತ್ತ ಕೂರಬೇಕು. “ವರನಕಿಂತ ನಾನs ಹೆಚ್ಚು ಸಲ ತಾಳಿ ಕಟ್ಟೀನಿ ನೋಡ” ಎಂದು ನಗಿಸುತ್ತಿದ್ದ.

ಖಾಲಿ ಕ್ಯಾಸೆಟ್ ಕೊಳ್ಳಲು ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ವ್ಯಾಪಾರಿಯೊಬ್ಬ ತನ್ನ ಮಾಳಿಗೆಯಲ್ಲಿದ್ದ ಹೊರದೇಶದ ಯಂತ್ರವನ್ನು ಅಣ್ಣನಿಗೆ ತೋರಿಸಿದ್ದ. ಅದು ನಕಲು ಮಾಡುವುದಕ್ಕೆಂದೇ ಕಟ್ಟಿದ ಯಂತ್ರ. ಕಪಾಟಿನಷ್ಟು ಎತ್ತರ. ಮೇಲಿಂದ ಖಾಲಿ ಕ್ಯಾಸೆಟ್‌ಗಳನ್ನು ಒಟ್ಟಿದರೆ ಅವು ತಾವೇ ಒಂದೊಂದಾಗಿ ಇಳಿದು ಬಾಯೊಳಗೆ ಹೋಗಿ, ನಕಲಾಗಿ, ಹೊರಗೆ ಬಂದು ಬೀಳುತ್ತಿದ್ದವಂತೆ. ಅಣ್ಣ ನೋಡಿದಾಗ ಅದು ಕೆಟ್ಟು ನಿಂತಿತ್ತು. ಬಿಡಿಭಾಗ ಈ ದೇಶದಲ್ಲೇ ಸಿಗುತ್ತಿರಲಿಲ್ಲ. “ಇಂಥಾದ್ದು ನಮ್ಮ ಕಡಿ ಮಾಡಿದವ ಇದ್ರ ನಾ ಮೂರು ತಗೋತೀನಿ. ಮಾಡಾಕ ಜಾಗಾನೂ ಕೊಡ್ತೀನಿ” ಎಂದಿದ್ದ ವ್ಯಾಪಾರಿ. ಅವನು ಹಾಗೇ ಆಡಿದ ಮಾತೋ ಏನೋ. ಅಣ್ಣ ಅದನ್ನು ಹಿಡಿದುಕೊಂಡು ಮನೆಗೆ ಬಂದ. ಕೆಟ್ಟ ಯಂತ್ರವನ್ನು ಅರ್ಧ ತಾಸು ನೋಡಿದ್ದನಷ್ಟೇ. ಬಸ್ಸಿನಲ್ಲಿ ಕುಳಿತು ಒಂದು ಮದುವೆ ಕಾರ್ಡಿನ ಹಿಂಬದಿಗೆ ಅದರ ಹೊಟ್ಟೆಯ ಚಿತ್ರ ಬರೆದು ತಂದಿದ್ದ.

ಅಣ್ಣ ಮನೆಯಲ್ಲೇ ಯಂತ್ರ ಕಟ್ಟಲು ಕುಳಿತದ್ದು ಅಪ್ಪನಿಗೆ ಸೇರಲಿಲ್ಲ. ಎಂಟು ತಿಂಗಳು ಬಾಯಿ ಕಟ್ಟಿ ನೋಡಿದ. ಕೊನೆಗೆ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದ:

“ಆ ಹುಬ್ಬಳ್ಳಿಯಾಂವನ್ನ ಕರಸು. ಅವಂಗ ಪಸಂದ ಆತಂದ್ರ ನಿನ್ನ ಮಗ್ಗಾ ನಾ ಬ್ಯಾರೆದವ್ರಿಗೆ ಕೊಡ್ತೀನಿ, ನೀ ನಿನ್ನ ಹಾದಿ ಹಿಡಿ. ಆಗಲಿಲ್ಲಂದ್ರ ಮತ್ತ ಕುಣ್ಯಾಗ ಇಳೀಬೇಕು. ಆಮ್ಯಾಲ ಈ ಡಬ್ಬಿ ಮಾತು ಮನ್ಯಾಗ ಬ್ಯಾಡ.”

“ಆತಪಾ” ಎಂದ ಅಣ್ಣ. ಆ ಒಂದು ದಿನದ ಮೇಲೆ ಅವನ ಬಾಳೆಲ್ಲ ನಿಂತಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಅದನ್ನು ನಾನು ಇಲ್ಲಿ ಮರೆಮಾಚಬಾರದು.

ಅವನ ಯಂತ್ರ ಹೇಗಿತ್ತೆಂದು ಹೇಳುತ್ತೇನೆ. ಅದನ್ನು ಕಂಡವರಲ್ಲಿ ಈಗ ಉಳಿದವರು ಕಡಿಮೆ. ಕಬ್ಬಿಣದ ಪಟ್ಟಿಗಳಿಂದ ಬೆಸೆದ, ಆಳೆತ್ತರದ ಚೌಕಟ್ಟು. ಅದರಲ್ಲಿ ಏಳು ಹಳೆಯ ವಿಸಿಆರ್‌ಗಳು, ಮೇಲಿನ ಮುಚ್ಚಳ ತೆಗೆದು ಬರಿಮೈಯಲ್ಲಿ ಕೂರಿಸಿದಂಥವು. ಎಲ್ಲಕ್ಕಿಂತ ಮೇಲಿನದು ಮೂಲ ಕ್ಯಾಸೆಟ್ಟಿಗೆ. ಕೆಳಗಿನ ಆರು ನಕಲಿಗೆ, ಎಡಕ್ಕೆ ಮೂರು, ಬಲಕ್ಕೆ ಮೂರು. ಆರರ ಮುಂದೆಯೂ ಒಂದೊಂದು ತಗಡಿನ ಗೂಡು. ಗೂಡಿನಲ್ಲಿ ನಾಲ್ಕು ಖಾಲಿ ಕ್ಯಾಸೆಟ್ ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗಿನದನ್ನು ಒಂದು ಮರದ ತುಂಡು ಬಾಯೊಳಗೆ ತಳ್ಳುತ್ತಿತ್ತು. ಅದನ್ನು ಅಣ್ಣ ಮಗ್ಗದ ಲಾಳಿಯನ್ನೇ ಕತ್ತರಿಸಿ ಮಾಡಿದ್ದ. ಲಾರಿಯ ಗಾಜು ಒರೆಸುವ ಮೋಟರು, ಸೈಕಲ್ಲಿನ ಚೈನು ಅದನ್ನು ಎಳೆಯುತ್ತಿದ್ದವು. ನಕಲಾದ ಕ್ಯಾಸೆಟ್ ಹೊರಗೆ ಬಂದು ಇಳಿಜಾರಿನ ಹಲಗೆಯ ಮೇಲೆ ಬೀಳುವಾಗ ಅಲ್ಲಿದ್ದ ಒಂದು ತಂತಿಯನ್ನು ಅದುಮುತ್ತಿತ್ತು. ಆ ತಂತಿ ಅದುಮಿದರೆ ಮಾತ್ರ ಲಾಳಿ ಮುಂದಿನದನ್ನು ತಳ್ಳಬೇಕು. ಇಲ್ಲದಿದ್ದರೆ ತುಂಬಿದ ಬಾಯೊಳಗೆ ಇನ್ನೊಂದನ್ನು ತುರುಕಿಬಿಡುತ್ತದೆ. ಆರೂ ವಿಸಿಆರ್‌ಗಳ ರೆಕಾರ್ಡ್ ಗುಂಡಿಗಳನ್ನು ಒಂದೇ ಏಟಿಗೆ ಒತ್ತಲು ಉದ್ದನೆಯ ಸಲಾಕೆ, ಆ ಸಲಾಕೆಗೆ ಕಟ್ಟಿದ ಹಗ್ಗ, ಹಗ್ಗದ ತುದಿಗೆ ಮಗ್ಗದಿಂದ ಬಿಚ್ಚಿ ತಂದ ಕಾಲಿನ ಹಲಗೆ. ಅದನ್ನೊಂದು ಸಲ ತುಳಿದರೆ ಆರೂ ಒಟ್ಟಿಗೆ ಚಾಲೂ ಆಗುತ್ತಿದ್ದವು.

“ಅದಕ್ಕೂ ಒಂದು ಮೋಟರ್ ಹಚ್ಚಬಾರ್ದೇನಣ್ಣ?” ಎಂದು ಕೇಳಿದ್ದೆ.

“ಕರೆಂಟ್ ಕೈ ಕೊಡ್ತೈತಿ. ಕಾಲು ಕೈ ಕೊಡಂಗಿಲ್ಲ” ಎಂದಿದ್ದ.

ಇಷ್ಟೆಲ್ಲ ಇದ್ದರೂ ಅಣ್ಣನಿಗೆ ಹೆಮ್ಮೆ ಇದ್ದದ್ದು ಬೇರೊಂದರ ಬಗ್ಗೆ, ಹೊರಗಿನಿಂದ ಕಾಣಿಸದ ಒಂದು ಕಡ್ಡಿಯ ಬಗ್ಗೆ. ಕ್ಯಾಸೆಟ್ ಒಳಗೆ ಹೋದ ಮೇಲೆ ಎರಡು ಪುಟ್ಟ ಕಂಬಗಳು ಸರಿದು ಟೇಪನ್ನು ಹೊರಗೆಳೆದು, ಓರೆಯಾಗಿ ನಿಂತ ಒಂದು ಉರುಳೆಗೆ ಸುತ್ತಿ ಹಿಡಿಯುತ್ತವೆ. ಆ ಉರುಳೆ ಒಂದು ಸೆಕೆಂಡಿಗೆ ಇಪ್ಪತ್ತೈದು ಸಲ ತಿರುಗುತ್ತದೆ. ಅದರ ಅಂಚಿನಲ್ಲಿ ಸಾಸಿವೆಯ ಸಿಪ್ಪೆಯಷ್ಟು ಚಿಕ್ಕ ಎರಡು ಹೆಡ್ಡುಗಳು. ಚಿತ್ರ ಓದುವುದು, ಬರೆಯುವುದು ಅವೇ. ಟೇಪು ಉರುಳೆಗೆ ಒತ್ತಿಕೊಂಡಿರಬೇಕೆಂದರೆ ಹಿಂದಿನಿಂದ ಯಾರೋ ಮೆಲ್ಲಗೆ ಹಿಡಿದು ಎಳೆದಂತೆ ಬಿಗಿ ಇರಬೇಕು. ಅದಕ್ಕೆ ವಿಸಿಆರ್‌ನಲ್ಲಿ ಒಂದು ಸ್ಪ್ರಿಂಗು, ಒಂದು ಪಟ್ಟಿ ಇರುತ್ತವೆ. ಮೂಲ ಕ್ಯಾಸೆಟ್ಟಿನ ವಿಸಿಆರ್‌ನಲ್ಲಿ ಅವೆರಡೂ ಸವೆದುಹೋಗಿದ್ದವು, ಹೊಸದು ಸಿಗಲಿಲ್ಲ. ಅಣ್ಣ ಅವನ್ನು ಕಿತ್ತು, ಬಿದಿರಿನ ಸೀಳನ್ನು ಮೇಣಬತ್ತಿಯ ಉರಿಗೆ ಹಿಡಿದು ಬಗ್ಗಿಸಿ ಕೂರಿಸಿ, ಅದರಿಂದ ಒಂದು ದಾರ ಇಳಿಬಿಟ್ಟು, ದಾರಕ್ಕೆ ಸಣ್ಣ ತೂಕ ಕಟ್ಟಿದ್ದ. ಮಗ್ಗದಲ್ಲಿ ಹಾಸಿನ ಎಳೆಗಳಿಗೆ ಬಿಗಿ ಕೊಡುವುದೂ ಹೀಗೇ. ಸ್ಪ್ರಿಂಗು ಟೇಪು ಮುಗಿಯುತ್ತ ಬಂದಂತೆ ಬಿಗಿ ಬದಲಿಸುತ್ತದೆ, ತೂಕ ಬದಲಿಸುವುದಿಲ್ಲ, ಮೊದಲಿಂದ ಕಡೆಯವರೆಗೆ ಒಂದೇ ಸಮ ಎಂದು ನನಗೆ ತಿಳಿಸಿ ಹೇಳಿದ್ದ. ಆ ಕಡ್ಡಿ ಕೂರಿಸಿದ ಮೇಲೆ ಚಿತ್ರ ಒಂದಿಷ್ಟೂ ನಡುಗಲಿಲ್ಲ.

“ಉಳಿದಿದ್ದೆಲ್ಲಾ ಮಂದಿದು ನೋಡಿ ಮಾಡಿದ್ದು. ಇದೊಂದು ಖರೆ ನಂದು” ಎಂದಿದ್ದ.

ವ್ಯಾಪಾರಿ ಬರುವ ದಿನ ಗೊತ್ತಾಯಿತು. ಅವತ್ತು ಓಡಿಸಲು ಅಣ್ಣ ಆರಿಸಿಕೊಂಡದ್ದು ಶಿರಹಟ್ಟಿಯಲ್ಲಿ ಆಗಿದ್ದ ನಮ್ಮ ಚಿಕ್ಕಪ್ಪನ ಮಗಳ ಮದುವೆಯ ಕ್ಯಾಸೆಟ್ಟು. ಪೂರ್ತಿ ಮೂರು ತಾಸಿನದು, ಬೆಳಕು ಚೆನ್ನಾಗಿತ್ತು. ಆ ಮದುವೆಗೆ ನಾನು ನಾನೇ ನೇಯ್ದ ಸೀರೆ ಉಟ್ಟು ಹೋಗಿದ್ದೆ. “ಅಕ್ಕಿಕಾಳಿನ ಹೊತ್ತಿನ್ಯಾಗ ನೀ ಛಂದ ಬಂದೀಯವಾ, ಎದುರಿಗೇ ನಿಂತೀದಿ” ಎಂದು ನೋಡಿದವರು ಹೇಳಿದ್ದರು. ನಾನು ಮಾತ್ರ ನೋಡಿರಲಿಲ್ಲ. ಯಂತ್ರದ ಕೆಲಸ ಶುರುವಾದಾಗಿನಿಂದ ಯಾವುದನ್ನೂ ತಾನಿಲ್ಲದಾಗ ಮುಟ್ಟಬಾರದೆಂದು ಅಣ್ಣ ಕಟ್ಟಪ್ಪಣೆ ಮಾಡಿದ್ದ.

ಅವತ್ತು ಬೆಳಿಗ್ಗೆ ಅಣ್ಣ ಮೂಲ ಕ್ಯಾಸೆಟ್ಟನ್ನು ಒಳಗಿಟ್ಟು, ಎಲ್ಲ ಸರಿಮಾಡಿ, ವ್ಯಾಪಾರಿಯನ್ನು ಕರೆತರಲು ಗದಗದ ಬಸ್ ನಿಲ್ದಾಣಕ್ಕೆ ಹೋದ. ಅಪ್ಪ ಹಿಂದಿನ ಕೋಣೆಯಲ್ಲಿ ಮಗ್ಗದ ಮೇಲಿದ್ದ, ಅವ್ವ ಒಲೆಯ ಮುಂದೆ. ಒಂದು ತಾಸು ಇದೆ ಅಂದುಕೊಂಡೆ. ತಾಳಿ ಕಟ್ಟುವಾಗ ಅಕ್ಕಿಕಾಳು ಹಾಕುವುದನ್ನಷ್ಟೇ ನೋಡಿ ಮತ್ತೆ ಮೊದಲಿಗೆ ಸುತ್ತಿಡುವುದು, ಯಾರಿಗೆ ತಿಳಿಯಬೇಕು?

ಯಂತ್ರಕ್ಕೆ ಜೋಡಿಸಿದ್ದ ಟಿವಿ ಹಚ್ಚಿ, ಗುಂಡಿ ಒತ್ತಿ ಮುಂದೆ ಓಡಿಸಿದೆ. ನಾನು ಕಾಣಿಸಿದೆ. ಎದುರಿಗೇ ಇದ್ದೆ, ಕೈಯಲ್ಲಿ ಅಕ್ಕಿಕಾಳು ಹಿಡಿದು, ಯಾವ ಕಡೆ ನೋಡಬೇಕೆಂದು ತಿಳಿಯದವಳ ಹಾಗೆ. ಇನ್ನೂ ಸರಿಯಾಗಿ ನೋಡಿರಲಿಲ್ಲ, ಕರೆಂಟು ಹೋಯಿತು.

ಟೇಪು ಉರುಳೆಗೆ ಸುತ್ತಿಕೊಂಡೇ ನಿಂತಿತು. ಕರೆಂಟು ಬರುವವರೆಗೆ ಸುಮ್ಮನೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದು ಯಾವಾಗ ಬರುತ್ತದೆ? ಅಣ್ಣ ಬಂದು ನೋಡಿದರೆ ಟೇಪು ಮೊದಲಿನಲ್ಲಿಲ್ಲ, ನಡುವೆ ಇದೆ. ಹಿಂದೊಮ್ಮೆ ಕರೆಂಟು ಹೋದಾಗ ಅಣ್ಣ ಒಂದು ಸಣ್ಣ ಗಾಲಿಯನ್ನು ಬೆರಳಿನಿಂದ ತಿರುಗಿಸಿ ಟೇಪನ್ನು ಒಳಗೆ ಕಳಿಸಿದ್ದನ್ನು ನೋಡಿದ್ದೆ. ನಾನೂ ಆ ಗಾಲಿ ತಿರುಗಿಸಿದೆ. ಯಾವ ಕಡೆಗೆ ಎಂಬುದು ನೆನಪಿರಲಿಲ್ಲ. ಟೇಪು ಸಡಿಲಾಗುವ ಬದಲು ಇನ್ನೂ ಬಿಗಿಯಾಯಿತು. ಇನ್ನೊಂದಿಷ್ಟು ತಿರುಗಿಸಿದೆ. ಚಟ್ಟನೆ ಹರಿಯಿತು.

ಹಿಂದೆ ಅಪ್ಪನ ಮಗ್ಗದ ಸದ್ದು ಒಂದೇ ಸಮ ಬರುತ್ತಿತ್ತು. ಆಮೇಲೆ ನನ್ನ ಕೈ ತನಗೆ ಬಂದ ಕೆಲಸವನ್ನು ತಾನೇ ಶುರುಮಾಡಿತು. ಗಾಲಿಯನ್ನು ಈ ಸಲ ಇನ್ನೊಂದು ಕಡೆಗೆ ತಿರುಗಿಸಿ, ಕ್ಯಾಸೆಟ್ಟನ್ನು ಹೊರಗೆ ತೆಗೆದು ಅದರ ಮುಂದಿನ ಮುಚ್ಚಳ ಎತ್ತಿ, ಹರಿದ ಎರಡು ತುದಿಗಳನ್ನು ಈಚೆ ಎಳೆದುಕೊಂಡೆ. ಹರಿದ ಅಂಚನ್ನು ಕತ್ತರಿಯಿಂದ ಒಂದಿಷ್ಟೇ ಓರೆಯಾಗಿ ಕತ್ತರಿಸಿದೆ. ಬೂದಿಗೆ ಅದು ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ಅಣ್ಣನ ಸೈಕಲ್ಲಿನ ಚೀಲದಲ್ಲಿ ಪಂಕ್ಚರ್ ಹಚ್ಚುವ ಸಲ್ಯೂಷನ್ ಇತ್ತು. ಸೂಜಿಯ ತುದಿಯಿಂದ ಅದನ್ನು ಕೂದಲೆಳೆಯಷ್ಟು ಸವರಿ, ಒಂದರ ಮೇಲೊಂದು ಕೂಡಿಸಿ, ಉಗುರಿನಿಂದ ಒತ್ತಿ, ಅಂಚಿಗೆ ಬಂದದ್ದನ್ನು ಒರೆಸಿದೆ. ಬೆಳಕಿಗೆ ಹಿಡಿದರೆ ಕಾಣಿಸಲಿಲ್ಲ. ಬೆರಳಾಡಿಸಿದರೆ ನನಗೆ ಗೊತ್ತಾಗುತ್ತಿತ್ತು, ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಆ ಭಯದ ನಡುವೆಯೂ ಒಂದು ಗಳಿಗೆ, ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಸಂತೋಷವಾಯಿತು.

ನೂಲಿಗೂ ಟೇಪಿಗೂ ಇರುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ನೂಲಿನ ದಪ್ಪ ಹಣಿಗೆಯ ಸಂದಿಯಲ್ಲಿ ಹಾದರೆ ಸಾಕು. ಟೇಪಿನ ಮೇಲೆ ಆ ಉರುಳೆಯ ಹೆಡ್ಡುಗಳು ಉಜ್ಜಿಕೊಂಡೇ ತಿರುಗುತ್ತವೆ. ಅಂಥ ವೇಗದಲ್ಲಿ ಅವಕ್ಕೆ ಕೂದಲಿನ ದಪ್ಪವೂ ಕಲ್ಲು. ಹರಿದ ಟೇಪನ್ನು ಕೂಡಿಸಿ ಉರುಳೆಗೆ ಕೊಡಬಾರದು ಎಂಬುದು ಆ ಕೆಲಸದವರಿಗೆಲ್ಲ ಗೊತ್ತಿರುವ ಮಾತಂತೆ. ಎಷ್ಟೋ ವರ್ಷಗಳ ಮೇಲೆ ಕೇಳಿ ತಿಳಿದುಕೊಂಡೆ.

ಕರೆಂಟು ಬಂತು. ಕ್ಯಾಸೆಟ್ಟನ್ನು ಒಳಗಿಟ್ಟು ಮೊದಲಿಗೆ ಸುತ್ತಲು ಗುಂಡಿ ಒತ್ತಿದೆ. ಏನೂ ತಡೆಯದೆ ಸುತ್ತಿಕೊಂಡಿತು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಹೊರಗೆ ಮಾತು ಕೇಳಿಸಿತು.

“ಬರ್ರಿ ಬರ್ರಿ, ಕುಂಡ್ರಿ” ಎಂದು ಅಪ್ಪ ಮಗ್ಗದಿಂದ ಎದ್ದು ಬಂದ. ವ್ಯಾಪಾರಿ ಬಿಳಿ ಅಂಗಿಯ, ದುಂಡು ಮೈಯ ಮನುಷ್ಯ. ಯಂತ್ರದ ಸುತ್ತ ಒಂದು ಸುತ್ತು ಬಂದು ಕಾಲಿನ ಹಲಗೆ ನೋಡಿ ನಕ್ಕ.

“ಏನ್ರಿ ಹಿರೇರ, ನಿಮ್ಮ ಮಗ ಮಗ್ಗಕ್ಕ ಟಿವಿ ಕಟ್ಟ್ಯಾನಲ್ಲರಿ!”

“ಕಟ್ಟ್ಯಾನ ನೋಡ್ರಿ. ಸೀರಿ ಬರ್ತೈತೋ ಸಿನೆಮಾ ಬರ್ತೈತೋ ದೇವ್ರಿಗೇ ಗೊತ್ತು” ಎಂದ ಅಪ್ಪ.

ಅಣ್ಣ ಗೂಡುಗಳಲ್ಲಿ ಕ್ಯಾಸೆಟ್ ತುಂಬಿ ಸ್ವಿಚ್ ಹಾಕಿದ. ಆರು ಲಾಳಿಗಳು ಮುಂದೆ ಬಂದು ಆರು ಕ್ಯಾಸೆಟ್ಟನ್ನು ಬಾಯಿಗೆ ಕೊಟ್ಟು ಹಿಂದೆ ಸರಿದವು. ಮೇಲಿನದನ್ನು ಓಡಿಸಿ, ಹಲಗೆ ತುಳಿದ. ಆರು ಕೆಂಪು ದೀಪ ಒಟ್ಟಿಗೆ ಹತ್ತಿದವು. ವ್ಯಾಪಾರಿಯ ನಗು ನಿಂತಿತು.

“ಇನ್ನೊಮ್ಮೆ ಮಾಡಿ ತೋರ್ಸಪಾ” ಎಂದ.

ಅಣ್ಣ ಎಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ತೋರಿಸಿದ. ವ್ಯಾಪಾರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಭಾರಿ ಐತಲ್ಲೋ ತಮ್ಮಾ. ಪೂರಾ ಮೂರು ತಾಸು ನೋಡ್ತೀನಿ. ಎರಡನೇ ಸರ್ತಿ ಕ್ಯಾಸೆಟ್ ತಾವs ಬದಲಾದ್ರ ಇವತ್ತs ಮಾತು ಮುಗಸೂಣು.”

ಅಪ್ಪ ಅಣ್ಣನ ಕಡೆ ನೋಡಿದ. ಅಪ್ಪನ ಮುಖದಲ್ಲಿ ಅಂಥದ್ದನ್ನು ನಾನು ಮೊದಲು ಕಂಡಿರಲಿಲ್ಲ. ಬೆಳೆದ ಮಗನನ್ನು ಹೊಸದಾಗಿ ನೋಡಿದ ಹಾಗೆ.

ಟಿವಿಯಲ್ಲಿ ಮದುವೆ ನಡೆಯಿತು. ಅರಿಷಿಣ ಹಚ್ಚಿದರು. ಸುರಗಿ ಸುತ್ತಿದರು. ಗುಡಿಗೆ ಹೋಗಿ ಬಂದರು. ಅಪ್ಪ ಒಬ್ಬೊಬ್ಬರನ್ನೇ ತೋರಿಸಿ, “ಇಂವ ನೋಡ್ರಿ ನಮ್ಮ ಬೀಗ, ಒಂದs ಮದವ್ಯಾಗ ಮೂರು ಪಂಕ್ತಿ ಹೊಡದಾನ” ಎನ್ನುತ್ತಿದ್ದ. ವ್ಯಾಪಾರಿ ಉಪ್ಪಿಟ್ಟು ತಿನ್ನುತ್ತ ಹೊಟ್ಟೆ ಕುಣಿಸಿ ನಗುತ್ತಿದ್ದ. ಅಕ್ಕಿಕಾಳಿಗೆ ಇನ್ನು ಎಷ್ಟು ಇದೆ ಎಂದು ನಾನು ಎಣಿಸುತ್ತಿದ್ದೆ. ಆ ಮದುವೆಗೆ ಹೋಗಿದ್ದವಳಾದ್ದರಿಂದ ಯಾವುದರ ಮೇಲೆ ಯಾವುದು ಬರುತ್ತದೆಂದು ನನಗೆ ಗೊತ್ತಿತ್ತು. ಕೂಡಿಸಿದ ಜಾಗ ಬಂದಾಗ ಚಿತ್ರ ಒಂದು ಸಲ ಹಾರಬಹುದು, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಆದರೂ ವರನನ್ನು ಬಾಗಿಲಲ್ಲಿ ಎದುರುಗೊಳ್ಳುವ ಹೊತ್ತಿಗೆ ತಡೆಯಲಾಗಲಿಲ್ಲ. ಅಡಿಗೆಮನೆಯ ಬಾಗಿಲಿಗೆ ನಿಂತು ಕರೆದೆ:

“ಅಣ್ಣಾ, ಒಂಚೂರು ಒಳಗ ಬಾ.”

“ಈಗಲ್ಲ.”

“ಜಲ್ದಿ ಬಾ, ಒಂದು ಮಾತೈತಿ.”

“ಲೇ ಹುಚ್ಚಿ, ಚಹಾ ಆದ್ರ ತಂದು ಕೊಡು. ನಾ ಎದ್ದು ಬರಾಂಗಿಲ್ಲ” ಎಂದ, ಟಿವಿಯಿಂದ ಕಣ್ಣು ತೆಗೆಯದೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಖುಷಿ ಇತ್ತು. ನಾನು ಇನ್ನೊಮ್ಮೆ ಕರೆಯಬಹುದಿತ್ತು. ಎಲ್ಲರ ಮುಂದೆ ಹೇಳಿಬಿಡಬಹುದಿತ್ತು. ಅಡಿಗೆಮನೆಗೆ ಹೋಗಿ ಚಹಾ ಸೋಸಿದೆ.

ತಟ್ಟೆ ಹಿಡಿದು ಹೊರಗೆ ಬಂದಾಗ ಚೌಕಟ್ಟಿನ ಮೇಲಿನಿಂದ ಕರ್ರೆಂದು ಸದ್ದು ಬಂತು, ತಗಡಿನ ಮೇಲೆ ಉಗುರು ಎಳೆದ ಹಾಗೆ. ಟಿವಿಯಲ್ಲಿ ಅಕ್ಕಿಕಾಳು ಹಿಡಿದ ಜನ ಅಡ್ಡಡ್ಡ ಹರಿದುಹೋದರು. ಆಮೇಲೆ ಬರೀ ಬಿಳಿ ಚುಕ್ಕೆಗಳು. ಕೆಳಗಿನ ಆರೂ ಕೆಂಪು ದೀಪ ಹತ್ತಿಕೊಂಡೇ ಇದ್ದವು. ಆ ಚುಕ್ಕೆಗಳನ್ನು ಅವು ನಿಷ್ಠೆಯಿಂದ ನಕಲು ಮಾಡುತ್ತಿದ್ದವು.

ಅಣ್ಣ ನಿಲ್ಲಿಸಿ, ಬಟ್ಟೆಗೆ ಸ್ಪಿರಿಟ್ ಹಚ್ಚಿ ಉರುಳೆ ಒರೆಸಿ, ಮತ್ತೆ ಓಡಿಸಿದ. ಚುಕ್ಕೆ. ಮತ್ತೆ ಒರೆಸಿದ. ಚುಕ್ಕೆ. ಬೇರೊಂದು ಕ್ಯಾಸೆಟ್ ಹಾಕಿದ. ಅದೂ ಚುಕ್ಕೆಯೇ. ವ್ಯಾಪಾರಿ ಎದ್ದು ಬಂದು ಒಳಗೆ ಬಗ್ಗಿ ನೋಡಿದ.

“ಇದೇನಿದು? ಬಿದರೇನಪಾ?”

“ಹೌದ್ರಿ. ಟೇಪಿಗೆ ಬಿಗಿ ಕೊಡಾಕ…”

“ದಾರದಾಗ ಕಲ್ಲು ಕಟ್ಟೀಯಲ್ಲೋ! ಬಿಗಿ ಹೆಚ್ಚಾತು, ಹೆಡ್ ಮುರದ್ವು. ಮತ್ತೇನಿಲ್ಲ.” ಅವನು ಬೆನ್ನು ನೆಟ್ಟಗೆ ಮಾಡಿ ಅಣ್ಣನ ಹೆಗಲ ಮೇಲೆ ಕೈ ಇಟ್ಟ. “ಬುದ್ಧಿ ಐತಿ ನಿನಗ. ಆದ್ರ ತಮ್ಮಾ, ಟೇಪಂದ್ರ ಸೀರಿ ಅಲ್ಲ.”

ಅವನು ಕೆಟ್ಟವನಲ್ಲ. ಚಹಾ ಕುಡಿದೇ ಹೋದ. ಬಾಗಿಲಿನವರೆಗೆ ಕಳಿಸಲು ಹೋದ ಅಪ್ಪ ತಿರುಗಿ ಬಂದು ಮಗ್ಗಕ್ಕೆ ಕುಳಿತ.

ಇಲ್ಲಿಯವರೆಗಿನದು ತಿಳಿಯದೆ ಆದ ತಪ್ಪು ಎನ್ನಬಹುದು. ಮುಂದಿನದು ಹಾಗಲ್ಲ.

ಮಧ್ಯಾಹ್ನ ಅಣ್ಣ ಯಂತ್ರದ ಮುಂದೆ ಕುಳಿತಿದ್ದ. ಊಟ ಮಾಡಿರಲಿಲ್ಲ. ಮೂಲ ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟ.

“ಟೇಪ್ ಎಲ್ಲೆರ ಮಡಚೈತೇನು, ಏನರ ಅಂಟೈತೇನು ನೋಡು. ಏನರ ಇದ್ರ ತಪ್ಪು ಟೇಪಿಂದು. ಏನೂ ಇಲ್ಲಂದ್ರ ನನ್ನ ಕಡ್ಡೀದು. ಎಳಿ ಹಿಡಿಯೂ ಬೆರಳು ನಿಂದು, ನೀನs ನೋಡು.”

ಹೊಸ್ತಿಲ ಬೆಳಕಿನಲ್ಲಿ ಕುಳಿತು ಟೇಪನ್ನು ಹೊರಗೆಳೆದು ಬೆರಳ ನಡುವೆ ಹಾಯಿಸುತ್ತ ಹೋದೆ. ಅವನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ನನ್ನ ಬೆರಳನ್ನೇ ನೋಡುತ್ತಿದ್ದ. ಆ ಜಾಗ ಬಂತು. ಅಷ್ಟೆಲ್ಲ ಆದರೂ ನನ್ನ ಕೆಚ್ಚು ಬಿಟ್ಟಿರಲಿಲ್ಲ. ಬೆರಳಿಗೆ ಸಿಕ್ಕಿತು. ಬೆರಳು ನಿಲ್ಲಲಿಲ್ಲ. ಮುಂದೆ ಹೋಯಿತು.

“ಏನೂ ಇಲ್ಲಣ್ಣ” ಎಂದೆ.

“ಇನ್ನೊಮ್ಮೆ ನೋಡು.”

ಇನ್ನೊಮ್ಮೆ ನೋಡಿದೆ. ಇನ್ನೊಮ್ಮೆ ಹೇಳಿದೆ.

“ನಿನ್ನ ಬೆರಳಿಗೆ ಸಿಗಲಿಲ್ಲಂದ್ರ ಮುಗೀತು. ಇಲ್ಲs ಇಲ್ಲ” ಎಂದ. ಎದ್ದು ಹೋಗಿ ಆ ಬಿದಿರಿನ ಸೀಳನ್ನು ಎಳೆದು ತೆಗೆದು ಮುರಿದ. ಒಂದು ಸಲವಲ್ಲ, ಮುರಿಯಲು ಆಗದಷ್ಟು ಸಣ್ಣಗಾಗುವವರೆಗೆ ಮುರಿದ.

ಬೈಯುತ್ತಾನೆಂಬ ಭಯಕ್ಕೆ ಹೇಳಲಿಲ್ಲವೆ? ಅವನು ನನಗೆ ಎಂದೂ ಜೋರಾಗಿ ಬೈದವನಲ್ಲ. ಎಲ್ಲಿ ಕೆಚ್ಚಿದ್ದಾಳೆ ಹುಡುಕಿರಿ ಎಂದು ಅಪ್ಪ ಮೆರೆಸುತ್ತಿದ್ದ ಬೆರಳು ಅದು. ಅದೇ ಬೆರಳು ಮನೆಯ ಮಗನನ್ನು ಕೆಡಿಸಿತು ಎನ್ನಿಸಿಕೊಳ್ಳಲು ನನಗೆ ಆಗಲಿಲ್ಲ. ಇಷ್ಟು ವರ್ಷ ಯೋಚಿಸಿ ಕಂಡುಕೊಂಡದ್ದು ಇದನ್ನೇ.

ಮುಂದಿನ ಸೋಮವಾರ ಅಣ್ಣ ಕುಣಿಗೆ ಇಳಿದ. ಯಂತ್ರ ಒಂದೊಂದಾಗಿ ಬಿಚ್ಚಿ ಹೋಯಿತು. ಚೌಕಟ್ಟು ಗುಜರಿಗೆ, ಮೋಟರು ಯಾರಿಗೋ. ಕ್ಯಾಸೆಟ್ಟು ಆ ಮದುವೆ ತೆಗೆದಿದ್ದ ಲಕ್ಷ್ಮೇಶ್ವರದ ಕ್ಯಾಮೆರಾದವನಿಗೆ ತಿರುಗಿ ಹೋಯಿತು, ಆಮೇಲೆ ಏನಾಯಿತೋ ಗೊತ್ತಿಲ್ಲ. ಅಪ್ಪ ಯಾರ ಮುಂದೆಯೋ ನಗುತ್ತ ಬಿದಿರಿನ ಕಥೆ ಹೇಳಿದ. ಹೆಸರು ಹುಟ್ಟಿತು. ಕೆಲವು ವರ್ಷದ ಮೇಲೆ ಸಿಡಿ ಬಂದು ಕ್ಯಾಸೆಟ್ಟೇ ಮಾಯವಾಯಿತು. “ಆಗಲಿಲ್ಲ ಛಲೋ ಆತು ಬಿಡು, ಆಗಿದ್ರ ಮುಳುಗ್ತಿದ್ದಿ” ಎಂದರು ಎಲ್ಲರೂ. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಒಂದು ಯಂತ್ರ ಮಾಡಿ ಗೆದ್ದವನು ಎರಡನೆಯದನ್ನು ಮಾಡುತ್ತಾನೆ, ಅದು ಕ್ಯಾಸೆಟ್ಟಿನದೇ ಆಗಬೇಕೆಂದೇನಿಲ್ಲ ಎಂಬುದು ನನ್ನಂಥವಳಿಗೂ ತಿಳಿಯುತ್ತದೆ.

ಅಣ್ಣ ಮದುವೆಯಾಗಿ ಮುಂಡರಗಿಗೆ ಹೋದ. ಹಮ್ಮಿಗಿ ಕಡೆಯ ಹೊಳೆ ದಂಡೆಯ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತಾನೆ. ಒಳ್ಳೆಯ ಹೆಸರಿದೆ. ಕಳೆದ ವರ್ಷ ಅವನ ಮನೆಗೆ ಹೋಗಿದ್ದಾಗ ಹಮ್ಮಿಗಿಯ ರೈತನೊಬ್ಬ ಬಂದಿದ್ದ. ಉಳ್ಳಾಗಡ್ಡಿಯನ್ನು ಸಣ್ಣದು ದೊಡ್ಡದು ಎಂದು ತಾನೇ ಬೇರೆ ಮಾಡುವ ಒಂದು ಜರಡಿ ಯಂತ್ರ ಬೇಕಂತೆ. ಹೇಗಿರಬೇಕೆಂದು ಕೈಯಲ್ಲಿ ತೋರಿಸುತ್ತಿದ್ದ. ಅಣ್ಣನ ಕಣ್ಣು ಒಂದು ಕ್ಷಣ ಹೊಳೆದದ್ದನ್ನು ನಾನು ನೋಡಿದೆ. ಆಮೇಲೆ ತಲೆ ಅಲ್ಲಾಡಿಸಿದ.

“ಹಳೇದು ಕೆಟ್ರ ತಗೊಂಡು ಬಾರಪಾ, ನೆಟ್ಟಗ ಮಾಡ್ತೀನಿ. ಹೊಸಾದು ನನ್ನ ಕೈಯಾಗ ಹುಟ್ಟಂಗಿಲ್ಲ. ನಡುವs ನಿಂತು ನಿನ್ನ ಹಂಗಾಮು ಹಾಳಾತಂದ್ರ?”

ರೈತ ಹೋದ. ವೈನಿ ಮಗಳ ಜೊತೆ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ರೊಟ್ಟಿ ಬಡಿಸಿದೆ. ಅವನು ಮೊದಲ ತುತ್ತು ಬಾಯಿಗಿಡುವ ಮೊದಲೇ ಹೇಳಿಬಿಟ್ಟೆ. ಕರೆಂಟು, ಗಾಲಿ, ಸಲ್ಯೂಷನ್, ಹೊಸ್ತಿಲು, ಎಲ್ಲ. ಅವನು ರೊಟ್ಟಿ ಕೆಳಗಿಟ್ಟ.

“ಒಂದರ ಮ್ಯಾಲೊಂದು ಎಷ್ಟು ಕೂಡಿಸಿದ್ದಿ?”

ಬೆರಳಿನಲ್ಲಿ ತೋರಿಸಿದೆ. ಒಂದು ಜೋಳದ ಕಾಳಿನಷ್ಟು.

“ಸಲ್ಯೂಷನ್ ಹಿಡೀತೇನು?”

“ಹಿಡೀತು. ನೀ ನೋಡಾಕ ಕೊಟ್ಟಾಗೂ ಬಿಟ್ಟಿರಲಿಲ್ಲ.”

ಅವನು ಗೋಡೆ ನೋಡುತ್ತ ಕುಳಿತ. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಮಾಡುವವರ ಹಾಗೆ. “ಹೆಡ್ ಹೋಗೂದs ಮತ್ತ” ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

“ಅವತ್ತು ಸಂಜಿಕಿ ಹೇಳಿದ್ದಿ ಅಂದ್ರ ಎರಡು ಬೈತಿದ್ದೆ. ಹೆಡ್ ಹಾಕ್ಸಿ ಎಂಟು ದಿನದಾಗ ಹುಬ್ಬಳ್ಳಿಗೆ ಹೋಗಿ ಅವನ ಕೈ ಹಿಡಕೊಂಡು ಬರ್ತಿದ್ದೆ.”

“ತಪ್ಪಾತಣ್ಣ.”

“ತಪ್ಪು ನಂದು ಅಂತ ತಿಳಕೊಂಡು ಬದುಕಾಕ ರೂಢಿ ಆಗಿತ್ತು ನನಗ. ನೀ ಹೇಳಿ ಹಗುರಾದಿ. ನಾ ಈಗ ಏನು ಮಾಡ್ಲಿ?” ಅವನ ದನಿ ಏರಲಿಲ್ಲ. “ಅಪ್ಪ ಸಾಯೂತನಕ ನಕ್ಕ. ಬಳಗದಾಗ ಸಣ್ಣ ಹುಡುಗ್ರೂ ಬಿದರು ಇಂಜಿನಿಯರ್ ಅಂತಾವು. ಅವರ ಮುಂದ ಹೇಳು. ನನ್ನ ಮುಂದ ಹೇಳಿದ್ರೇನಾತು? ಅವರ ಮುಂದ ಹೇಳು.”

ಹೇಳುತ್ತೇನೆ ಎಂದೆ. ಅವನು ಕೈ ತೊಳೆದು ಎದ್ದ. ನನ್ನನ್ನು ಬಸ್ ಹತ್ತಿಸಲು ಬರಲಿಲ್ಲ.

ಆಮೇಲೆ ಬಂದ ನಾಗರಪಂಚಮಿಗೆ ಎಲ್ಲರೂ ಬೆಟಗೇರಿಯ ಮನೆಯಲ್ಲಿ ಕೂಡಿದ್ದರು. ಮಿಕ್ಸರ್ ನಿಂತಿತು. ಯಾರೋ ಎಂದಿನ ಹಾಗೆ ಕೂಗಿದರು: “ಎಲ್ಲ್ಯದಾನ ನಮ್ಮ ಬಿದರು ಇಂಜಿನಿಯರ್?” ಎಲ್ಲರೂ ನಕ್ಕರು. ಅಣ್ಣ ಈ ಸಲ ನಗಲಿಲ್ಲ, ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಉಂಡಿಯ ತಟ್ಟೆ ಇತ್ತು. ಬಾಯಿ ತೆರೆದೆ. ಉಂಡಿ ಇನ್ನೊಂದು ಹಾಕಲೇನು ಎಂದು ಪಕ್ಕದವರನ್ನು ಕೇಳಿದೆ. ತಟ್ಟೆ ಹಿಡಿದು ಅಡಿಗೆಮನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದ.

ಬಾಯಿಂದ ಆಗದ್ದಕ್ಕೆ ಬರೆದಿದ್ದೇನೆ. ನನ್ನ ಅಕ್ಷರ ಕೆಟ್ಟದಾಗಿದೆ, ಅಣ್ಣನ ಮಗಳು ತಿದ್ದಿ ಶುದ್ಧಪ್ರತಿ ಮಾಡಿಕೊಟ್ಟಳು. ಬರುವ ಭಾನುವಾರ ಶಿರಹಟ್ಟಿಯ ಚಿಕ್ಕಪ್ಪನ ಮನೆಯಲ್ಲಿ ತೊಟ್ಟಿಲ ಕಾರ್ಯ, ಬಳಗವೆಲ್ಲ ಬರುತ್ತದೆ. ಊಟಕ್ಕೆ ಮೊದಲು ಅವಳು ಇದನ್ನು ಎಲ್ಲರ ಮುಂದೆ ಓದುತ್ತಾಳೆ. ಅಣ್ಣನಿಗೆ ಹೇಳಿ ಕಳಿಸಿದ್ದೇನೆ. ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ಓದು ಮುಗಿಯುವವರೆಗೆ ನಾನು ಎದ್ದು ಒಳಗೆ ಹೋಗಬಾರದು.